ಅಕ್ರಮ ದಸ್ತಗಿರಿ: ಭಾರತದಲ್ಲಿ ಬಂಧಿತರ ಹಕ್ಕುಗಳೂ ಪರಿಹಾರದ ದಾರಿಗಳೂ

ಕಾನೂನಿನ ಅಧಿಕಾರವಿಲ್ಲದೆ, ಅಥವಾ ಅಧಿಕಾರವಿದ್ದರೂ ಕಾನೂನು ಹೇಳಿದ ಕ್ರಮವನ್ನು ಬಿಟ್ಟು, ಪೊಲೀಸರು ಒಬ್ಬರನ್ನು ತಮ್ಮ ವಶದಲ್ಲಿ ಇಟ್ಟುಕೊಂಡರೆ ಅದು ಅಕ್ರಮ ದಸ್ತಗಿರಿ. ಹೆಸರು ಒಂದೇ ಎಂದು ಬೇರೆಯವರನ್ನು ಹಿಡಿದು ತರುವುದು ಇದರ ಒಂದು ಬಗೆ. ಬಂಧನ ಬೇಕಾಗಿಲ್ಲದ ಪ್ರಕರಣದಲ್ಲಿ ಬಂಧಿಸುವುದು, ಕಾರಣ ತಿಳಿಸದಿರುವುದು, 24 ಗಂಟೆ ಮೀರಿ ಠಾಣೆಯಲ್ಲೇ ಇಟ್ಟುಕೊಳ್ಳುವುದು ಉಳಿದ ಬಗೆಗಳು. ವಿಚಾರಣೆ ಮುಗಿದು ಆರೋಪಿ ಖುಲಾಸೆಯಾದ ಮಾತ್ರಕ್ಕೆ ಅವರ ಬಂಧನ ಅಕ್ರಮವಾಗಿತ್ತು ಎಂದಾಗುವುದಿಲ್ಲ. ಬಂಧಿಸಿದ ಹೊತ್ತಿನಲ್ಲಿ ಪೊಲೀಸರ ಮುಂದೆ ಏನಿತ್ತು, ಅವರು ಯಾವ ಕ್ರಮ ಅನುಸರಿಸಿದರು ಎಂಬುದನ್ನಷ್ಟೇ ನ್ಯಾಯಾಲಯ ನೋಡುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಪರಿಹಾರ ಕೇಳಲು ಹೋಗಿ ಬರಿಗೈಯಲ್ಲಿ ಮರಳಿದವರಿದ್ದಾರೆ.

ಈ ವಿಷಯದಲ್ಲಿ ಭಾರತದ ಕಾನೂನು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪೊಳ್ಳು. ಬಂಧನದ ಮೊದಲ ಒಂದು ದಿನಕ್ಕೆ ಸಂವಿಧಾನವೇ ಕಾವಲಿದೆ. ಬಿಡುಗಡೆಯಾದ ಮೇಲೆ ಹೋದ ಮಾನ, ಕೆಲಸ, ಹಣಕ್ಕೆ ಪರಿಹಾರ ಕೊಡಿಸುವ ಪ್ರತ್ಯೇಕ ಕಾಯ್ದೆ ಇಲ್ಲ. ಆ ಜಾಗವನ್ನು ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳು ಒಂದೊಂದೇ ತೀರ್ಪಿನಿಂದ ತುಂಬುತ್ತ ಬಂದಿವೆ.

ಸಂವಿಧಾನದ ನೆಲೆ

ಸಂವಿಧಾನ ರಚನಾ ಸಭೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯಲ್ಲಿ ಅಮೆರಿಕದ ಮಾದರಿಯ ವಿಶಾಲ ಮಾತನ್ನು ಕೈಬಿಟ್ಟು, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂಬ ಬಿಗಿಯಾದ ಮಾತನ್ನು ಆರಿಸಿಕೊಂಡಾಗ ಸದಸ್ಯರಲ್ಲಿ ಹಲವರು ಸಿಟ್ಟಾದರು. ಆ ಕೊರತೆಯನ್ನು ತುಂಬಲೆಂದೇ ಡಾ. ಬಿ. ಆರ್. ಅಂಬೇಡ್ಕರ್ 1949ರ ಸೆಪ್ಟೆಂಬರ್‌ನಲ್ಲಿ 15ಎ ಎಂಬ ಹೊಸ ಕರಡು ವಿಧಿಯನ್ನು ಮಂಡಿಸಿದರು. ಇಂದಿನ 22ನೇ ವಿಧಿ ಅದೇ. ಬಂಧಿತರಿಗೆ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು, ತಮ್ಮ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಕಳೆದು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಅದು ಹೇಳುತ್ತದೆ. ಭಾನುವಾರ, ಹಬ್ಬ, ಕೋರ್ಟಿನ ರಜೆ ಯಾವುದೂ ಈ ಗಡುವನ್ನು ಹಿಗ್ಗಿಸುವುದಿಲ್ಲ. ರಜಾದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುವುದು ರೂಢಿ.

ಅಪರಾಧ ನಡೆಯದಂತೆ ಮೊದಲೇ ಹಿಡಿದಿಡುವ ಮುನ್ನೆಚ್ಚರಿಕೆ ಬಂಧನಕ್ಕೆ ಈ ರಕ್ಷಣೆಗಳು ಅನ್ವಯಿಸುವುದಿಲ್ಲ. ಕರ್ನಾಟಕದಲ್ಲಿ ಗೂಂಡಾ ಕಾಯ್ದೆ ಎಂದು ಹೆಸರಾದ 1985ರ ಶಾಸನದಡಿ ಒಬ್ಬರನ್ನು ಇಟ್ಟುಕೊಂಡರೆ ದಾರಿ ಬೇರೆ: ಬಂಧನದ ಆಧಾರಗಳನ್ನು ಪಡೆಯುವುದು, ಸರ್ಕಾರಕ್ಕೆ ಮನವಿ ಸಲ್ಲಿಸುವುದು, ಸಲಹಾ ಮಂಡಳಿಯ ಮುಂದೆ ಹೋಗುವುದು, ಇಲ್ಲವೇ ನೇರ ಹೈಕೋರ್ಟ್.

ಬಂಧನದ ಕ್ರಮ

2024ರ ಜುಲೈ 1ರಿಂದ 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾದವು. ಬಂಧನದ ನಿಯಮಗಳ ತಿರುಳು ಬಹುಮಟ್ಟಿಗೆ ಹಾಗೇ ಉಳಿದಿದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಬೇಕು ಎಂಬುದಕ್ಕೆ ಅಧಿಕಾರಿ ಲಿಖಿತ ಕಾರಣ ದಾಖಲಿಸಬೇಕು. ಬೇಡವೆನಿಸಿದರೆ 35(3)ನೇ ಸೆಕ್ಷನ್ ಅಡಿ ಹಾಜರಾಗಲು ನೋಟಿಸ್ ಕೊಡಬೇಕು. ನೋಟಿಸಿನಂತೆ ಹಾಜರಾಗುತ್ತಿರುವವರನ್ನು ಸುಮ್ಮನೆ ಬಂಧಿಸುವಂತಿಲ್ಲ. ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಆರೋಪಿ ಅಶಕ್ತರಾಗಿದ್ದರೆ ಅಥವಾ 60 ವರ್ಷ ದಾಟಿದ್ದರೆ ಬಂಧನಕ್ಕೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ಇದು ಹೊಸ ಸಂಹಿತೆ ಸೇರಿಸಿದ ಒಳ್ಳೆಯ ನಿಯಮ.

ಬಂಧಿಸುವ ಅಧಿಕಾರಿಯ ಹೆಸರು ಕಾಣುವಂತಿರಬೇಕು. ದಸ್ತಗಿರಿ ಪತ್ರ ಬರೆದು, ಮನೆಯವರು ಅಥವಾ ಆ ಊರಿನ ಗಣ್ಯರೊಬ್ಬರ ಸಾಕ್ಷಿ ಹಾಕಿಸಿ, ಬಂಧಿತರಿಂದಲೂ ಸಹಿ ಪಡೆಯಬೇಕು. ಅವರು ಹೇಳಿದ ಬಂಧುವಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು. ವೈದ್ಯಕೀಯ ತಪಾಸಣೆ ಆಗಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು, ಆದರೆ ವಿಚಾರಣೆ ಮುಗಿಯುವವರೆಗೂ ವಕೀಲರು ಪಕ್ಕದಲ್ಲೇ ಕೂತಿರುವ ಹಕ್ಕಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣುಮಕ್ಕಳನ್ನು ಬಂಧಿಸುವುದಕ್ಕೆ ಅಸಾಮಾನ್ಯ ಕಾರಣವಿರಬೇಕು. ಆಗಲೂ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿರಬೇಕು. ಮಕ್ಕಳನ್ನು ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ.

ಇವುಗಳಲ್ಲಿ ಹೆಚ್ಚಿನವು ಮೊದಲು ನ್ಯಾಯಾಲಯದಲ್ಲಿ ಹುಟ್ಟಿ ಆಮೇಲೆ ಶಾಸನಕ್ಕೆ ಬಂದವು. 1994ರ ಜನವರಿ 7ರಂದು ಗಾಜಿಯಾಬಾದಿನಲ್ಲಿ 28 ವರ್ಷದ ವಕೀಲರೊಬ್ಬರನ್ನು ಪೊಲೀಸರು ವಿಚಾರಣೆಗೆಂದು ಕರೆಸಿ ದಿನಗಟ್ಟಲೆ ಇಟ್ಟುಕೊಂಡರು. ಮನೆಯವರಿಗೆ ಅವರು ಎಲ್ಲಿದ್ದಾರೆ ಎಂದೇ ತಿಳಿಯಲಿಲ್ಲ. ಜೋಗಿಂದರ್ ಕುಮಾರ್ ಪ್ರಕರಣವೆಂದು ಹೆಸರಾದ ಆ ಅರ್ಜಿಯನ್ನು ಕೇಳಿದ್ದು ಕನ್ನಡಿಗರಾದ ಎಂ. ಎನ್. ವೆಂಕಟಾಚಲಯ್ಯ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪೀಠ. ಬಂಧಿಸುವ ಅಧಿಕಾರ ಇರುವುದು ಬೇರೆ, ಅದನ್ನು ಬಳಸಲು ಸಕಾರಣ ಇರುವುದು ಬೇರೆ ಎಂದು ಪೀಠ ಹೇಳಿತು. ಬಂಧನಗಳಲ್ಲಿ ಸುಮಾರು ಶೇಕಡಾ 60ರಷ್ಟು ಅನಗತ್ಯ ಅಥವಾ ಅಸಮರ್ಥನೀಯ ಎಂದಿದ್ದ ರಾಷ್ಟ್ರೀಯ ಪೊಲೀಸ್ ಆಯೋಗದ ಮೂರನೇ ವರದಿಯನ್ನು ತೀರ್ಪು ಉಲ್ಲೇಖಿಸಿತು. 1996ರ ಡಿ. ಕೆ. ಬಸು ತೀರ್ಪು 11 ಸೂಚನೆಗಳನ್ನು ಕೊಟ್ಟಿತು. ದಸ್ತಗಿರಿ ಪತ್ರ, ಬಂಧುಗಳಿಗೆ ಸುದ್ದಿ, ವೈದ್ಯಕೀಯ ತಪಾಸಣೆ ಎಲ್ಲ ಅಲ್ಲಿಯವು. 2014ರ ಅರ್ನೇಶ್ ಕುಮಾರ್ ತೀರ್ಪು ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಕಾರಣಗಳ ಪಟ್ಟಿ ಬರೆಯದೆ ಬಂಧಿಸಿದ ಅಧಿಕಾರಿಯ ಮೇಲೆ ಇಲಾಖಾ ಕ್ರಮವೂ ನ್ಯಾಯಾಂಗ ನಿಂದನೆಯ ಕ್ರಮವೂ ಆಗಬೇಕೆಂದಿತು. ಆ ಪಟ್ಟಿ ನೋಡದೆ ಯಾಂತ್ರಿಕವಾಗಿ ರಿಮ್ಯಾಂಡ್, ಅಂದರೆ ವಶದಲ್ಲಿ ಮುಂದುವರಿಸುವ ಆದೇಶ, ಬರೆಯುವ ಮ್ಯಾಜಿಸ್ಟ್ರೇಟರನ್ನೂ ಅದು ಬಿಡಲಿಲ್ಲ.

ಈಚಿನ ದೊಡ್ಡ ಬೆಳವಣಿಗೆ ಬಂಧನದ ಕಾರಣವನ್ನು ಬರವಣಿಗೆಯಲ್ಲಿ ಕೊಡುವುದಕ್ಕೆ ಸಂಬಂಧಿಸಿದ್ದು. 2023ರಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಬಂಧನಗಳಿಗೆ, 2024ರಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) ಬಂಧನಗಳಿಗೆ ಈ ನಿಯಮ ಬಂತು. 2025ರ ಫೆಬ್ರುವರಿಯ ವಿಹಾನ್ ಕುಮಾರ್ ತೀರ್ಪು, ಕಾರಣ ತಿಳಿಸದಿದ್ದರೆ ಬಂಧನವೂ ಅದರ ಮೇಲೆ ನಿಂತ ರಿಮ್ಯಾಂಡೂ ಬಿದ್ದುಹೋಗುತ್ತವೆ ಎಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಎಲ್ಲ ಅಪರಾಧಗಳಿಗೂ ಇದನ್ನು ವಿಸ್ತರಿಸಲಾಯಿತು. ಕಾರಣಗಳು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದಿರಬೇಕು. ಬಂಧಿಸುವ ಗಳಿಗೆಯಲ್ಲಿ ಸಾಧ್ಯವಾಗದಿದ್ದರೆ ಬಾಯಲ್ಲಿ ಹೇಳಿ, ರಿಮ್ಯಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈಗೆ ಸಿಗಬೇಕು. ಹಾಗಾಗಿ ಬೀದರಿನಲ್ಲೋ ಚಾಮರಾಜನಗರದಲ್ಲೋ ಕನ್ನಡವಷ್ಟೇ ಬಲ್ಲವರ ಕೈಗೆ ಇಂಗ್ಲಿಷ್ ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ಕಾರಣ ತಿಳಿಸಿದಂತಲ್ಲ.

ಬಂಧನವೇ ಅಲ್ಲವೆಂಬ ಬಂಧನ

ಮೇಲಿನ ನಿಯಮಗಳೆಲ್ಲ ಬಂಧನವೆಂದು ಬರೆದುಕೊಂಡ ಬಂಧನಕ್ಕೆ. ಆದರೆ ಠಾಣೆಯ ಬಾಗಿಲಲ್ಲಿ ಕಾಯುವ ಮನೆಯವರು ಹೆಚ್ಚಾಗಿ ಕೇಳುವ ಮಾತು ಬೇರೆಯೇ: "ಅರೆಸ್ಟ್ ಮಾಡಿಲ್ಲ ಕಣ್ರೀ, ಸುಮ್ಮನೆ ಎನ್‌ಕ್ವೈರಿಗೆ ಕರ್ಕೊಂಡು ಬಂದಿದ್ದೀವಿ." ಎರಡು ದಿನ ಬೆಂಚಿನ ಮೇಲೆ ಕೂರಿಸಿ, ಮೂರನೆಯ ದಿನ ಬೆಳಿಗ್ಗೆ ಬಸ್ ನಿಲ್ದಾಣದ ಬಳಿ ಹಿಡಿದೆವೆಂದು ದಸ್ತಗಿರಿ ಪತ್ರ ಬರೆದರೆ 24 ಗಂಟೆಯ ಲೆಕ್ಕ ಕಾಗದದಲ್ಲಿ ಸರಿಯಾಗಿಯೇ ಇರುತ್ತದೆ. ಭಾರತದಲ್ಲಿ ಅಕ್ರಮ ಬಂಧನದ ನಿಜವಾದ ತಾಣ ಈ ಬರೆಯದ ಎರಡು ದಿನ ಎಂದರೆ ತಪ್ಪಾಗಲಾರದು. ಕಾನೂನಿನ ಕಣ್ಣಿಗೆ ಮಾತ್ರ ಎದ್ದು ಹೋಗುವ ಸ್ವಾತಂತ್ರ್ಯ ತಪ್ಪಿದ ಗಳಿಗೆಯಿಂದಲೇ ಅದು ಬಂಧನ. ಸಾಕ್ಷಿಯಾಗಿ ಕರೆಸುವುದಕ್ಕೂ ಹೊಸ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಲಿಖಿತ ಆದೇಶ ಬೇಕು. ಹೆಣ್ಣುಮಕ್ಕಳು, 15 ವರ್ಷದೊಳಗಿನ ಹುಡುಗರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಇರುವ ಮನೆಗೇ ಪೊಲೀಸರು ಹೋಗಿ ಕೇಳಬೇಕು. ಅವರನ್ನು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ.

ಈ ಎರಡು ದಿನವನ್ನು ಆಮೇಲೆ ರುಜುವಾತು ಮಾಡುವುದು ಹೇಗೆ? ಸಾಕ್ಷ್ಯ ಆ ದಿನಗಳಲ್ಲೇ ಹುಟ್ಟಬೇಕು. ಮನೆಯವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಥವಾ ಕಮಿಷನರರಿಗೆ ಇಮೇಲ್, ಸ್ಪೀಡ್ ಪೋಸ್ಟ್ ಕಳಿಸಿದರೆ ದಿನಾಂಕ, ಗಂಟೆ ದಾಖಲಾಗುತ್ತವೆ. ಕರೆದೊಯ್ದ ರಸ್ತೆಯ ಅಂಗಡಿಗಳ ಕ್ಯಾಮೆರಾ, ಮೊಬೈಲ್ ಕರೆಗಳ ವಿವರ ಉಪಯೋಗಕ್ಕೆ ಬರುತ್ತವೆ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು ಎಂದು ಆದೇಶಿಸಿತು. ಆ ದೃಶ್ಯ ಅಳಿಸದಂತೆ ಕಾಯ್ದಿಡಿ ಎಂಬ ಅರ್ಜಿಯನ್ನು ಮೊದಲ ರಿಮ್ಯಾಂಡ್ ದಿನವೇ ಹಾಕುವ ವಕೀಲರು ಜಾಣರು. ಕ್ಯಾಮೆರಾ ಅಂದೇ ಕೆಟ್ಟಿತ್ತು ಎಂಬ ಉತ್ತರ ಬರುವುದೂ ಉಂಟು. ಆ ಉತ್ತರವನ್ನೂ ಲಿಖಿತವಾಗಿ ಪಡೆದಿಟ್ಟುಕೊಳ್ಳಬೇಕು.

ಬಂಧಿತರು ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆಯಿಲ್ಲ. ತನಿಖೆಯಲ್ಲಿ ಕೊಟ್ಟ ಹೇಳಿಕೆಗೆ ಸಹಿ ಮಾಡಬೇಕಾಗಿಲ್ಲ. ಖಾಲಿ ಹಾಳೆಗಳಿಗೆ ಸಹಿ ಕೇಳುವುದು ಹಳೆಯ ಅಭ್ಯಾಸ. ಹೆದರಿ ಸಹಿ ಮಾಡಿದ್ದರೆ ಅದನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಂತ ಮೊದಲ ಗಳಿಗೆಯಲ್ಲೇ ಹೇಳಿಬಿಡಬೇಕು. ಹೊಡೆದಿದ್ದರೆ ಅದನ್ನೂ ಅಲ್ಲಿಯೇ ಹೇಳಬೇಕು.

ಹೊರಬರುವ ದಾರಿಗಳು

ಒಬ್ಬರನ್ನು ಎಲ್ಲಿಟ್ಟಿದ್ದಾರೆಂದೇ ಗೊತ್ತಿಲ್ಲದಾಗ, ಅವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಯೇ ಮೊದಲ ಅಸ್ತ್ರ. 226ನೇ ವಿಧಿಯಡಿ ಹೈಕೋರ್ಟಿನಲ್ಲಿ, 32ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿ ಇದನ್ನು ಹಾಕಬಹುದು. ಬಂಧಿತರ ತಾಯಿ, ಗಂಡ, ಸ್ನೇಹಿತ ಯಾರಾದರೂ ಹಾಕಬಹುದು. ಕರ್ನಾಟಕದವರಿಗೆ ಬೆಂಗಳೂರಿನ ಪ್ರಧಾನ ಪೀಠದ ಜೊತೆ ಧಾರವಾಡ, ಕಲಬುರಗಿ ಪೀಠಗಳಿವೆ. ಅಷ್ಟು ದೂರ ಹೋಗಲಾಗದವರು ಸ್ಥಳೀಯ ಮ್ಯಾಜಿಸ್ಟ್ರೇಟರಿಂದ ಹೊಸ ಸಂಹಿತೆಯ 100ನೇ ಸೆಕ್ಷನ್ ಅಡಿ ಶೋಧನಾ ವಾರಂಟ್ ಪಡೆಯಬಹುದು. ಅಕ್ರಮವಾಗಿ ಕೂಡಿಹಾಕಿದವರನ್ನು ಹುಡುಕಿ ತರುವ ವಾರಂಟ್ ಅದು. ಈ ಸಣ್ಣ ಸೌಲಭ್ಯವನ್ನು ತಾಲ್ಲೂಕು ಕೇಂದ್ರಗಳಲ್ಲಿ ಇನ್ನಷ್ಟು ಬಳಸಬಹುದಿತ್ತು.

ಮ್ಯಾಜಿಸ್ಟ್ರೇಟರು ರಿಮ್ಯಾಂಡ್ ಆದೇಶ ಕೊಟ್ಟ ಮೇಲೆ ಹೇಬಿಯಸ್ ಕಾರ್ಪಸ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗಾಗಿ ಮೊದಲ ರಿಮ್ಯಾಂಡಿನ ಹೊತ್ತೇ ನಿರ್ಣಾಯಕ. ಬಂಧನ ಅಕ್ರಮವೆಂಬ ತಕರಾರನ್ನು ಅಲ್ಲೇ ಎತ್ತಬೇಕು, ಆದೇಶದಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ವಕೀಲರಿಲ್ಲದಿದ್ದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ವಶದಲ್ಲಿರುವ ಯಾರಿಗೇ ಆದರೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಸಹಾಯವಾಣಿ ಸಂಖ್ಯೆ 15100.

ಮುಂದಿನದು ಜಾಮೀನು. ಜಾಮೀನು ಸಿಗಬಹುದಾದ ಅಪರಾಧಗಳಲ್ಲಿ ಅದು ಹಕ್ಕು, ಠಾಣೆಯಲ್ಲೇ ಕೊಡಬೇಕು. ಉಳಿದವುಗಳಲ್ಲಿ ಮ್ಯಾಜಿಸ್ಟ್ರೇಟ್, ಸೆಷನ್ಸ್, ಹೈಕೋರ್ಟ್ ಎಂಬ ಮೆಟ್ಟಿಲು. ತನಿಖೆ 60 ದಿನದಲ್ಲಿ, ಗಂಭೀರ ಅಪರಾಧವಾದರೆ 90 ದಿನದಲ್ಲಿ ಮುಗಿದು ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ತಾನಾಗಿ ಹಕ್ಕಾಗುತ್ತದೆ; ಆದರೂ ಅರ್ಜಿ ಹಾಕಲೇಬೇಕು. ಹೊಸ ಸಂಹಿತೆಯ ಒಂದು ಬದಲಾವಣೆ ಬಂಧಿತರಿಗೆ ಭಾರ: 15 ದಿನದ ಪೊಲೀಸ್ ಕಸ್ಟಡಿಯನ್ನು ಮೊದಲ 40 ಅಥವಾ 60 ದಿನಗಳಲ್ಲಿ ತುಂಡುತುಂಡಾಗಿ ಕೇಳಬಹುದು. ಜೈಲಿಗೆ ಹೋದವರು ಇನ್ನು ಠಾಣೆ ಮುಗಿಯಿತೆಂದು ನಿಟ್ಟುಸಿರು ಬಿಡುವಂತಿಲ್ಲ.

ಪ್ರಕರಣವೇ ಸುಳ್ಳಾದರೆ 528ನೇ ಸೆಕ್ಷನ್ ಅಡಿ ಎಫ್‌ಐಆರ್ ರದ್ದು ಕೋರಿ ಹೈಕೋರ್ಟಿಗೆ ಹೋಗಬಹುದು. ಬಂಧನ ಅಕ್ರಮವಾಗಿದ್ದರಿಂದ ಮೊಕದ್ದಮೆ ತಾನಾಗಿ ಸಾಯುವುದಿಲ್ಲ ಎಂಬುದು ನೆನಪಿರಲಿ. ಬಂಧಿತರು ಹೊರಗೆ ಬಂದರೂ ತನಿಖೆ ಮುಂದುವರಿಯುತ್ತದೆ.

ಪರಿಹಾರದ ಹಣ

1947ರ ಸೆಪ್ಟೆಂಬರ್‌ನಲ್ಲಿ ಅಮೃತಸರದ ಚಿನ್ನದ ವ್ಯಾಪಾರಿಯೊಬ್ಬರು ಮೀರತ್‌ಗೆ ಬಂದಾಗ ಪೊಲೀಸರು ಅನುಮಾನದಿಂದ ಹಿಡಿದರು. ಬಿಟ್ಟ ಮೇಲೆ ಬೆಳ್ಳಿ ಮರಳಿತು, ಚಿನ್ನ ಮರಳಲಿಲ್ಲ. ಜಪ್ತಿ ಮಾಲು ಇಡುವ ಮಾಲ್‌ಖಾನೆಯ ಹೆಡ್ ಕಾನ್‌ಸ್ಟೇಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋಗಿದ್ದ. ಬಂಧನ, ಜಪ್ತಿ ಇವೆಲ್ಲ ಪ್ರಭುತ್ವದ ಕೆಲಸಗಳಾದ್ದರಿಂದ ಸರ್ಕಾರ ಹೊಣೆಯಲ್ಲ ಎಂದು 1960ರ ದಶಕದಲ್ಲಿ ಕಸ್ತೂರಿಲಾಲ್ ತೀರ್ಪು ಹೇಳಿತು. ಬಹುಕಾಲ ಸಿವಿಲ್ ದಾವೆಗಳ ದಾರಿಗೆ ಅಡ್ಡ ನಿಂತದ್ದು ಇದೇ ತೀರ್ಪು.

ಬಾಗಿಲು ತೆರೆದದ್ದು 1983ರಲ್ಲಿ. ಬಿಹಾರದ ರುದುಲ್ ಸಾಹ್ 1968ರ ಜೂನ್‌ನಲ್ಲಿ ಖುಲಾಸೆಯಾಗಿದ್ದರೂ ಮುಜಫ್ಫರಪುರದ ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್‌ನಲ್ಲಿ. ಹದಿನಾಲ್ಕು ವರ್ಷ! ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ಪೀಠ ರಿಟ್ ಅರ್ಜಿಯಲ್ಲೇ ಮಧ್ಯಂತರವಾಗಿ ಒಟ್ಟು 35,000 ರೂಪಾಯಿ ಕೊಡಿಸಿತು. ಮೊತ್ತ ಚಿಕ್ಕದು. ಆದರೆ ಮೂಲಭೂತ ಹಕ್ಕಿನ ಭಂಗಕ್ಕೆ ರಿಟ್ ನ್ಯಾಯಾಲಯವೇ ಹಣ ಕೊಡಿಸಬಹುದು ಎಂಬ ತತ್ವ ಅಲ್ಲಿಂದ ಬಂತು. 1985ರಲ್ಲಿ ಜಮ್ಮು-ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರನ್ನು ವಿಧಾನಸಭೆಗೆ ಹೋಗದಂತೆ ದಾರಿಯಲ್ಲೇ ಹಿಡಿದು, ಹಾಜರುಪಡಿಸದೆಯೇ ರಿಮ್ಯಾಂಡ್ ಬರೆಸಿಕೊಂಡದ್ದಕ್ಕೆ 50,000 ರೂಪಾಯಿ ಸಿಕ್ಕಿತು. 1993ರ ನೀಲಾಬತಿ ಬೆಹೆರಾ ತೀರ್ಪು, ಇಂಥ ಸಾಂವಿಧಾನಿಕ ಪರಿಹಾರಕ್ಕೆ ಪ್ರಭುತ್ವದ ವಿನಾಯಿತಿ ಅಡ್ಡಬರುವುದಿಲ್ಲ ಎಂದು ಗಂಟು ಬಿಡಿಸಿತು.

ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಕೇರಳ ಪೊಲೀಸರು ಬಂಧಿಸಿದ್ದು 1994ರ ನವೆಂಬರ್ 30ರಂದು. ಗೂಢಚರ್ಯೆಯ ಆರೋಪಕ್ಕೆ ಆಧಾರವಿಲ್ಲವೆಂದು 1996ರಲ್ಲೇ ಸಿಬಿಐ ವರದಿ ಕೊಟ್ಟಿತ್ತು. ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಪರಿಹಾರ ವಿಧಿಸಿದ್ದು 2018ರ ಸೆಪ್ಟೆಂಬರ್ 14ರಂದು. ಬಳಿಕ ಸಿವಿಲ್ ದಾವೆಯ ರಾಜಿಯಲ್ಲಿ ಕೇರಳ ಸರ್ಕಾರ 1.3 ಕೋಟಿ ಕೊಟ್ಟಿತು. ಅದೇ ಪ್ರಕರಣದಲ್ಲಿ ಜೈಲು ಕಂಡಿದ್ದ ಕೆ. ಚಂದ್ರಶೇಖರ್ ತೀರ್ಪು ಬಂದ ಎರಡು ದಿನಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡರು.

ಕರ್ನಾಟಕ ಹೈಕೋರ್ಟ್ ಈಚೆಗೆ ಈ ವಿಷಯದಲ್ಲಿ ಕೈ ಬಿಗಿಹಿಡಿದಿಲ್ಲ. ತಂದೆಯ ಹೆಸರು ಹೊಂದಿತೆಂದು ವಾರಂಟಿನಲ್ಲಿದ್ದವರ ಬದಲು ಬೇರೊಬ್ಬರನ್ನು ಜೈಲಿಗೆ ಕಳಿಸಿದ ಪ್ರಕರಣದಲ್ಲಿ 2022ರಲ್ಲಿ 5 ಲಕ್ಷ ರೂಪಾಯಿ ವಿಧಿಸಿತು. ಚೆಕ್ ಅಮಾನ್ಯ ಪ್ರಕರಣದ ವಾರಂಟಿಗೆ ಕಾನೂನು ವಿದ್ಯಾರ್ಥಿಯೊಬ್ಬರ ಕೈಗೆ ಕೋಳ ಹಾಕಿ ನಡೆಸಿದ್ದಕ್ಕೆ ಧಾರವಾಡ ಪೀಠ ಅದೇ ವರ್ಷ 2 ಲಕ್ಷ ಕೊಡಿಸಿತು. ದಕ್ಷಿಣ ಕನ್ನಡದ ಯುವ ವಕೀಲರೊಬ್ಬರ ಅಕ್ರಮ ಬಂಧನಕ್ಕೆ ವಿಧಿಸಿದ 3 ಲಕ್ಷವನ್ನು ತಪ್ಪಿತಸ್ಥ ಅಧಿಕಾರಿಗಳಿಂದಲೇ ವಸೂಲು ಮಾಡಬೇಕೆಂದಿತು.

ಎಷ್ಟು ದಿನಕ್ಕೆ ಎಷ್ಟು ಹಣ ಎಂಬ ಲೆಕ್ಕ ಎಲ್ಲಿಯೂ ಇಲ್ಲ. ಗುಜರಾತಿನ ಅಕ್ಷರಧಾಮ ದೇವಾಲಯದ ಮೇಲಿನ ದಾಳಿ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟೇ ಆರು ಜನರನ್ನು ಖುಲಾಸೆ ಮಾಡಿತ್ತು. ವರ್ಷಗಟ್ಟಲೆ ಜೈಲಿನಲ್ಲಿದ್ದವರು ಪರಿಹಾರ ಕೇಳಿದಾಗ 2016ರಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಖುಲಾಸೆಯಾದವರಿಗೆಲ್ಲ ಪರಿಹಾರ ಕೊಡುವುದು ಅಪಾಯದ ಮೇಲ್ಪಂಕ್ತಿಯಾದೀತೆಂಬುದು ಅದರ ಅಳುಕು.

ಶಾಸನದಲ್ಲೇ ಇರುವ ಪರಿಹಾರ ನಗು ತರಿಸುವಂಥದ್ದು. ಹೊಸ ಸಂಹಿತೆಯ 399ನೇ ಸೆಕ್ಷನ್ ಪ್ರಕಾರ ಸಾಕಷ್ಟು ಆಧಾರವಿಲ್ಲದೆ ಬಂಧನಕ್ಕೆ ಕಾರಣರಾದವರಿಂದ ಮ್ಯಾಜಿಸ್ಟ್ರೇಟರು ಹೆಚ್ಚೆಂದರೆ 1,000 ರೂಪಾಯಿ ಕೊಡಿಸಬಹುದು. ಅದೂ ಕೊಡಬೇಕಾದವರು ದೂರುದಾರರು, ಪೊಲೀಸರಲ್ಲ. ಮೊದಲು 100 ರೂಪಾಯಿ ಇದ್ದದ್ದನ್ನು 2005ರ ತಿದ್ದುಪಡಿ ಸಾವಿರಕ್ಕೆ ಏರಿಸಿತು. 2023ರಲ್ಲಿ ಸಂಹಿತೆಯನ್ನೇ ಹೊಸದಾಗಿ ಬರೆದವರು ಈ ಅಂಕಿಯನ್ನು ಮುಟ್ಟಲಿಲ್ಲ.

ಸಿವಿಲ್ ದಾವೆಗೆ ಕಾಲಮಿತಿ ಬಿಗಿ. ಅಕ್ರಮ ಬಂಧನಕ್ಕೆ ಬಿಡುಗಡೆಯಾದ ದಿನದಿಂದ ಒಂದು ವರ್ಷ, ದುರುದ್ದೇಶದ ಮೊಕದ್ದಮೆಗೆ ಖುಲಾಸೆಯಾದ ದಿನದಿಂದ ಒಂದು ವರ್ಷ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕು. ಖುಲಾಸೆಯಾಗಲಿ ನೋಡೋಣ ಎಂದು ಕಾದವರ ಮೊದಲ ದಾವೆ ಅಷ್ಟರಲ್ಲಿ ಕಾಲಬಾಧಿತವಾಗಿರುತ್ತದೆ.

ಅಧಿಕಾರಿಗಳ ಮೇಲೆ ಕ್ರಮ

ಕಾನೂನುಬಾಹಿರವೆಂದು ತಿಳಿದೂ ಕೂಡಿಹಾಕುವ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ 258ನೇ ಸೆಕ್ಷನ್ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ತಪ್ಪೊಪ್ಪಿಸಲು ಹೊಡೆದರೆ 120ನೇ ಸೆಕ್ಷನ್ ಇದೆ. ಠಾಣೆಯವರು ತಮ್ಮವರ ಮೇಲೆಯೇ ಎಫ್‌ಐಆರ್ ಬರೆಯುವುದು ಅಪರೂಪ. ಎಸ್‌ಪಿಗೆ ದೂರು ಕೊಟ್ಟು, ಫಲವಿಲ್ಲದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರ ಬಳಿ ಖಾಸಗಿ ದೂರು ಹಾಕಬೇಕು. ಅಲ್ಲಿಯೂ ಮೇಲಧಿಕಾರಿಯ ವರದಿ ತರಿಸಿಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯವೆಂದಾದರೆ ಅದೇ ಸಂಹಿತೆಯ 218ನೇ ಸೆಕ್ಷನ್, ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಅಡಿ ಸರ್ಕಾರದ ಪೂರ್ವಾನುಮತಿ ಬೇಕು. 2020ರಲ್ಲಿ ಕರ್ನಾಟಕದಿಂದಲೇ ಹೋದ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆಯನ್ನು ವಿಶಾಲವಾಗಿಯೇ ಅರ್ಥೈಸಿತು. ಮಿತಿಮೀರಿದ ಕೃತ್ಯವೂ ಕರ್ತವ್ಯಕ್ಕೆ ಅಂಟಿಕೊಂಡಿದ್ದರೆ ಅನುಮತಿ ಬೇಕೇ ಬೇಕು. ಅಧಿಕಾರಿಗಳ ಮೇಲಿನ ಮೊಕದ್ದಮೆಗಳು ಇಲ್ಲಿ ಬಹಳ ಸಲ ಕಾಲು ಜಾರುತ್ತವೆ.

ಇದಕ್ಕಿಂತ ಖರ್ಚು ಕಡಿಮೆಯ ದಾರಿ ಮಾನವ ಹಕ್ಕುಗಳ ಆಯೋಗ. ವಕೀಲರು ಬೇಡ, ಶುಲ್ಕವಿಲ್ಲ, ಒಂದು ವರ್ಷದೊಳಗೆ ದೂರು ಕೊಡಬೇಕು. ಆಯೋಗ ಶಿಫಾರಸು ಮಾಡಬಲ್ಲದು, ತಾನೇ ಶಿಕ್ಷಿಸಲಾರದು. ಪೊಲೀಸ್ ಸುಧಾರಣೆ ಕುರಿತ 2006ರ ಪ್ರಕಾಶ್ ಸಿಂಗ್ ತೀರ್ಪಿನ ಬಳಿಕ ಕರ್ನಾಟಕದಲ್ಲಿ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳೂ ಇವೆ.

ಭಾರತ 1979ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗ, ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ನಮ್ಮ ಕಾನೂನಿನಲ್ಲಿಲ್ಲ ಎಂದು ತಕರಾರು ದಾಖಲಿಸಿಯೇ ಸೇರಿತ್ತು. ದೆಹಲಿ ಹೈಕೋರ್ಟಿನ ಸೂಚನೆಯ ಮೇರೆಗೆ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ 277ನೇ ವರದಿ ಕೊಟ್ಟು, ತಪ್ಪು ಮೊಕದ್ದಮೆಗಳ ಪರಿಹಾರಕ್ಕೆ ವಿಶೇಷ ನ್ಯಾಯಾಲಯಗಳೂ ಶಾಸನಬದ್ಧ ಪರಿಹಾರವೂ ಬೇಕೆಂದಿತು. 2023ರ ಮೂರು ಹೊಸ ಅಪರಾಧ ಕಾನೂನುಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ನೌಕರಿಯ ಮೇಲಿನ ಪರಿಣಾಮ

ಕರ್ನಾಟಕ ಸರ್ಕಾರಿ ನೌಕರರು 48 ಗಂಟೆ ಮೀರಿ ವಶದಲ್ಲಿದ್ದರೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ, ಮೇಲ್ಮನವಿ) ನಿಯಮಗಳ ಪ್ರಕಾರ ಅಮಾನತಾದಂತೆಯೇ ಲೆಕ್ಕ. ಬಂಧನ ಸರಿಯೋ ತಪ್ಪೋ ಎಂಬ ಪ್ರಶ್ನೆ ಆಗ ಏಳುವುದಿಲ್ಲ; ಬಿಡುಗಡೆಯಾದ ಮೇಲೆ ಅಮಾನತು ತೆರವಿಗೆ ಬೇರೆ ಅರ್ಜಿ ಕೊಡಬೇಕು. ಕೆಲಸ ಹುಡುಕುವ ಯುವಕರಿಗೆ ತೊಡಕು ಪರಿಶೀಲನಾ ನಮೂನೆಯಲ್ಲಿ ಕಾದಿರುತ್ತದೆ. ಎಂದಾದರೂ ಬಂಧನಕ್ಕೊಳಗಾಗಿದ್ದೀರಾ ಎಂಬ ಪ್ರಶ್ನೆಗೆ, ಬಂಧನ ಅಕ್ರಮವೆಂದು ನ್ಯಾಯಾಲಯವೇ ಹೇಳಿದ್ದರೂ ಹೌದೆಂದೇ ಬರೆಯಬೇಕು. ವಿಷಯ ಮುಚ್ಚಿಟ್ಟರೆ ನೇಮಕಾತಿ ರದ್ದಾಗಬಹುದು, ನಿಜ ಹೇಳಿದವರ ವಿಷಯವನ್ನು ಉದ್ಯೋಗದಾತರು ಪ್ರಕರಣದ ಸ್ವರೂಪ ನೋಡಿ ವಿವೇಚಿಸಬೇಕು ಎಂದು 2016ರ ಅವತಾರ್ ಸಿಂಗ್ ತೀರ್ಪು ಹೇಳಿದೆ. ಬಿ ರಿಪೋರ್ಟ್ (ಪ್ರಕರಣ ಮುಗಿಸುವ ಪೊಲೀಸ್ ವರದಿ), ಖುಲಾಸೆ ಅಥವಾ ರದ್ದತಿ ಆದೇಶದ ದೃಢೀಕೃತ ಪ್ರತಿಯನ್ನು ನಮೂನೆಯ ಜೊತೆಗೇ ಲಗತ್ತಿಸುವುದು ಒಳಿತು.